ಗುಹೆ ಬಾಗಿಲಲ್ಲಿ ಕಟ್ಟಿದ ಕುದುರೆ ಮೂರು ದಿನ ಬದುಕುತ್ತಾ?

ಓದುಗರ ಪ್ರಶ್ನೆ:

ಸರ್, ನಾವು ಐದು ಜನ ಗೆಳೆಯರು. ಇಬ್ಬರು ಹುಬ್ಬಳ್ಳಿಯವರು, ಒಬ್ಬ ಬೆಳಗಾವಿ, ಒಬ್ಬಳು ಉಡುಪಿ, ನಾನು ವಿಜಯಪುರ. ಎಲ್ಲರಿಗೂ ಪುಣೆಯಲ್ಲೇ ಕೆಲಸ. ಶನಿವಾರ ರಾತ್ರಿ ವಾಕಡ್‌ನ ನಮ್ಮ ಮನೆಯಲ್ಲಿ ಸೇರಿ ರೋಲ್‌ಪ್ಲೇ ಆಟ ಆಡುತ್ತೇವೆ, ಒಬ್ಬೊಬ್ಬರೂ ಕಥೆಯ ಒಂದೊಂದು ಪಾತ್ರ ಆಗೋದು. ದಾಳ, ಕಾಗದ, ಬಾಯಿಮಾತು, ಅಷ್ಟೇ ಬೇಕಾಗೋದು. ಕೋಟೆ, ಕತ್ತಿ, ಮಂತ್ರ, ಡ್ರ್ಯಾಗನ್ ಇರುವ ಹಳೇ ಕಾಲದ ಲೋಕ. ಕಥೆ ನಡೆಸುವವನು ನಾನು. ಹೋದ ತಿಂಗಳು ಜಗಳ ಆಯ್ತು. ಒಬ್ಬ ಗೆಳೆಯ ಕುದುರೆಯನ್ನು ಜೀನಿನ ಸಮೇತ ಗುಹೆ ಬಾಗಿಲಿನ ಮರಕ್ಕೆ ಕಟ್ಟಿ ಒಳಗೆ ಹೋದ, ಮೂರು ದಿನ ಬಿಟ್ಟು ಹೊರಗೆ ಬಂದ. 'ಕುದುರೆ ಸತ್ತುಹೋಗಿದೆ' ಅಂದೆ. 'ನಿಯಮ ಪುಸ್ತಕದಲ್ಲಿ ಹಾಗೆಲ್ಲಿದೆ?' ಅಂತ ಅವನು ಎದ್ದು ಹೋದ. ಪುಸ್ತಕದ ಪ್ರಕಾರ ಸವಾರಿ ಕುದುರೆ 480 ಪೌಂಡ್ ಹೊರುತ್ತೆ, ಒಂದು ಗಂಟೆ ನಾಗಾಲೋಟದಲ್ಲಿ 8 ಮೈಲಿ ಓಡುತ್ತೆ. ಜೀನು, ಕಡಿವಾಣಕ್ಕೆ ಬೆಲೆ ಕೊಟ್ಟಿದ್ದಾರೆ, ಅವು ಕೆಟ್ಟರೆ ಏನಾಗುತ್ತೆ ಅಂತ ಹೇಳಿಲ್ಲ. ಇನ್ನೊಬ್ಬನ ಪಾತ್ರಕ್ಕೆ ಮೈತುಂಬ ಉಕ್ಕಿನ ಕವಚ. ಅವನನ್ನು ಕುದುರೆ ಹತ್ತಿಸೋಕೆ ರಾಟೆ ಬೇಕು ಅಂತ ಉಳಿದವರ ವಾದ. ಉಡುಪಿಯ ಗೆಳತಿಗೆ ರೆಕ್ಕೆಯ ಕುದುರೆ ಸಿಕ್ಕಿದೆ, ಅದಕ್ಕೆ ಜೀನು ಎಲ್ಲಿ ಕಟ್ಟೋದು? ಇಷ್ಟೆಲ್ಲ ಲೆಕ್ಕ ಇಟ್ಟರೆ ಆಟ ಬೋರ್ ಆಗುತ್ತೆ ಅನ್ನೋ ಭಯವೂ ಇದೆ. ನಿಜವಾದ ಕುದುರೆ ಬಲ್ಲವರು ಹೇಳಿದ ಹಾಗೆ ಕೇಳ್ತೀವಿ ಅಂತ ಐವರೂ ಒಪ್ಪಿಕೊಂಡಿದ್ದೇವೆ.

ಉತ್ತರ:

ನಾನು ಕುದುರೆ ಡಾಕ್ಟರ್. ಊರು ಧಾರವಾಡ, ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಯ್ತು. ರೇಸ್ ಕುದುರೆ, ಸವಾರಿ ಶಾಲೆಯ ಕುದುರೆ, ಮದುವೆ ಮೆರವಣಿಗೆಯ ಕುದುರೆ, ಮಾಥೇರಾನ್‌ನಲ್ಲಿ ಸಾಮಾನು ಹೊರುವ ಕುದುರೆ, ಎಲ್ಲಕ್ಕೂ ಔಷಧ ಕೊಟ್ಟಿದ್ದೇನೆ. ನಿಮ್ಮ ಆಟವೂ ನನಗೆ ಗೊತ್ತು. ನನ್ನ ಮಗಳು ಕಾಲೇಜಿನಲ್ಲಿದ್ದಾಗ ಅವಳ ಗೆಳೆಯರೆಲ್ಲ ನಮ್ಮ ಮನೆಯ ಹಾಲ್‌ನಲ್ಲೇ ಆಡುತ್ತಿದ್ದರು. ಚಹಾ ಕೊಡೋಕೆ ಹೋದವನು ಎಷ್ಟೋ ರಾತ್ರಿ ಅಲ್ಲೇ ಕೂತು ಕೇಳಿದ್ದೇನೆ.

ನಿಮ್ಮ ಚಿಂತೆ ನನಗೆ ಅರ್ಥವಾಯಿತು. ಕುದುರೆಯನ್ನು ಬೈಕಿನ ಹಾಗೆ ಬಳಸಿದರೆ ಕಥೆ ಸಪ್ಪೆ. ಹುಲ್ಲು, ನೀರು, ತೂಕ ಎಲ್ಲ ಬರೆದಿಡುತ್ತಾ ಕೂತರೆ ಶನಿವಾರ ರಾತ್ರಿ ಅಂಗಡಿ ಲೆಕ್ಕದಲ್ಲೇ ಮುಗಿಯುತ್ತೆ. ನಾನು ಹೇಳುವುದು ಇಷ್ಟು: ಕುದುರೆಯ ಬೆನ್ನನ್ನು ನೋಡಿಕೊಳ್ಳಿ. ಪುಸ್ತಕಗಳು ಕುದುರೆಯ ವೇಗ ಬರೆಯುತ್ತವೆ, ಪ್ರಾಣ ಎಷ್ಟು ಅಂಕ ಅಂತ ಬರೆಯುತ್ತವೆ. ಆದರೆ ದೂರದ ಪ್ರಯಾಣದಲ್ಲಿ ಕುದುರೆ ಕೈಕೊಡುವ ಜಾಗ ಜೀನಿನ ಕೆಳಗಿದೆ, ಅಂಗೈ ಅಗಲದ ಚರ್ಮದಲ್ಲಿ. ಅದು ಆಟಕ್ಕೆ ಬಂದರೆ ಉಳಿದದ್ದು ಅದರ ಹಿಂದೆಯೇ ಬರುತ್ತೆ.

ಮೊದಲು ರಾಟೆಯ ಮಾತು ಮುಗಿಸಿಬಿಡೋಣ. ಅದು ಸುಳ್ಳು. ಯುರೋಪಿನ ರಾವುತನ ಪೂರ್ತಿ ಉಕ್ಕಿನ ಕವಚ ಸುಮಾರು 20ರಿಂದ 25 ಕಿಲೋ. ಆ ಭಾರ ಒಂದೇ ಕಡೆ ನೇತಾಡುವುದಿಲ್ಲ, ಕೈಕಾಲು, ಸೊಂಟ, ಭುಜಕ್ಕೆ ಹಂಚಿಹೋಗಿರುತ್ತೆ. ಅಭ್ಯಾಸ ಇದ್ದವನು ಅದರಲ್ಲಿ ಓಡಬಹುದು, ಬಿದ್ದರೆ ಏಳಬಹುದು, ಕುದುರೆಯನ್ನೂ ತಾನೇ ಹತ್ತಬಹುದು. 1400ರ ಆಸುಪಾಸಿನಲ್ಲಿದ್ದ ಫ್ರಾನ್ಸಿನ ಸೇನಾನಿ ಬೂಸಿಕೋ ಕವಚ ತೊಟ್ಟೇ ನೆಲದಿಂದ ಕುದುರೆ ಮೇಲೆ ನೆಗೆಯುತ್ತಿದ್ದ ಅಂತ ಅವನ ಜೀವನ ಚರಿತ್ರೆಯಲ್ಲಿದೆ. ನಿಮ್ಮ ಗೆಳೆಯನ ಪಾತ್ರ ಹತ್ತಲಿ ಬಿಡಿ. ಕಷ್ಟ ಅವನಿಗಲ್ಲ, ಅವನ ಕೆಳಗಿರುವ ಪ್ರಾಣಿಗೆ. ಆ ವಿಷಯಕ್ಕೆ ಬರ್ತೀನಿ.

ಹಳೇ ಕಾಲದ ಯುದ್ಧದ ಕುದುರೆ ಆನೆಯಂಥ ದೈತ್ಯ ಅನ್ನೋದೂ ನಂಬುವಂಥದ್ದಲ್ಲ. ಕುದುರೆಯ ಎತ್ತರವನ್ನು ಹ್ಯಾಂಡ್ ಲೆಕ್ಕದಲ್ಲಿ ಅಳೆಯುತ್ತಾರೆ, ಒಂದು ಹ್ಯಾಂಡ್ ಅಂದರೆ 4 ಇಂಚು. ಇಂಗ್ಲೆಂಡಿನಲ್ಲಿ ಅಗೆದು ತೆಗೆದ ಮಧ್ಯಯುಗದ ಕುದುರೆ ಮೂಳೆಗಳನ್ನು ಅಳೆದು ನೋಡಿದಾಗ ಹೆಚ್ಚಿನವು ಹದಿನಾಲ್ಕೂವರೆ ಹ್ಯಾಂಡ್‌ಗಿಂತ ಗಿಡ್ಡ. ಇವತ್ತಿನ ಲೆಕ್ಕಕ್ಕೆ ತಟ್ಟು, ಅಂದರೆ ಗಿಡ್ಡ ಕುದುರೆ. ನಮ್ಮ ಕಡೆಯ ಕಥೆಯೂ ಅದೇ. ಭೀಮಾ ನದಿ ಬಯಲಿನ ಭೀಮಥಡಿ ತಟ್ಟುಗಳು ಗಿಡ್ಡ, ಗಟ್ಟಿ. ಮರಾಠರ ದಂಡು ಅಂಥವುಗಳ ಮೇಲೇ ಅಷ್ಟು ದೂರ ತಿರುಗಿದ್ದು. ಮೊಗಲರ ಭಾರಿ ಕುದುರೆ ಘಟ್ಟ ಹತ್ತುವಾಗ ಏದುಸಿರು ಬಿಡುತ್ತಿದ್ದರೆ ಇವು ಕಲ್ಲಿನ ನಡುವೆ ಕಾಲಿಡುತ್ತಾ ಸಾಗುತ್ತಿದ್ದವು. ಹಾಗಾಗಿ ನಿಮ್ಮ ಆಟದಲ್ಲಿ ಗಿಡ್ಡ ಕುದುರೆ ಸಿಕ್ಕವನು ಮುಖ ಸಪ್ಪಗೆ ಮಾಡಬೇಕಾಗಿಲ್ಲ.

ಇನ್ನು ಒಂದು ಗಂಟೆಯ ನಾಗಾಲೋಟ. ಮುಂಬೈ ಮಹಾಲಕ್ಷ್ಮಿಯಲ್ಲಿ ನಡೆಯುವ ಇಂಡಿಯನ್ ಡರ್ಬಿ 2400 ಮೀಟರ್ ಓಟ. ಎರಡೂವರೆ ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುತ್ತೆ. ದೇಶದ ಒಳ್ಳೇ ತಳಿಯ, ಅದಕ್ಕೆಂದೇ ತಯಾರು ಮಾಡಿದ ಕುದುರೆಗಳವು. ಬೆನ್ನ ಮೇಲಿರುವ ಜಾಕಿ, ಜೀನು ಸೇರಿ 60 ಕಿಲೋ ಮೀರುವುದೇ ಕಡಿಮೆ. ಗೆದ್ದ ಕುದುರೆ ನಿಂತಾಗ ಮೂಗಿನ ಹೊಳ್ಳೆ ಅರಳಿ ಒಳಗಿನ ಕೆಂಪು ಕಾಣುತ್ತಿರುತ್ತೆ. ಕುದುರೆ ಬಾಯಿಂದ ಉಸಿರಾಡಲಾರದು, ಅದಕ್ಕೆ ಮೂಗೊಂದೇ ದಾರಿ. ಒಂದು ಗಂಟೆ ಹಾಗೆ ಓಡಿಸಿದರೆ ನಾಲ್ಕು ಕಾಲಿನ ಮೇಲೆ ಉಳಿಯುವುದಿಲ್ಲ.

ಆದರೂ ನಿಮ್ಮ ಪುಸ್ತಕ ಪೂರ್ತಿ ತಪ್ಪಲ್ಲ. 8 ಮೈಲಿ ಅಂದರೆ 13 ಕಿಲೋಮೀಟರ್. ಅದು ಟ್ರಾಟ್‌ನ ವೇಗ, ಇಲ್ಲಿನ ಮರಾಠಿಯವರ ಬಾಯಲ್ಲಿ ದುಡಕಿ ಚಾಲ್, ನಡಿಗೆಗಿಂತ ಜೋರು, ನಾಗಾಲೋಟಕ್ಕಿಂತ ನಿಧಾನ. ಗಟ್ಟಿ ಕುದುರೆ ಗಂಟೆಗೆ ಅಷ್ಟು ದೂರ ದುಡಕಿಯಲ್ಲಿ ಹೋಗುತ್ತೆ. ದೂರ ಸರಿಯಾಗಿದೆ, ಓಟದ ಹೆಸರು ತಪ್ಪಿದೆ. ನಡೆದರೆ ಗಂಟೆಗೆ 6, 7 ಕಿಲೋಮೀಟರ್. ನಿಜವಾದ ನಾಗಾಲೋಟ 40 ದಾಟುತ್ತೆ, ಅದಕ್ಕೆ ನಿಮಿಷದ ಲೆಕ್ಕ ಇಡಿ, ಗಂಟೆಯದ್ದಲ್ಲ. ದಿನವಿಡೀ ಸ್ವಲ್ಪ ನಡೆಸಿ, ಸ್ವಲ್ಪ ದುಡಕಿ ಓಡಿಸಿ, ಇಳಿದು ಜೊತೆಗೆ ನಡೆದು, ಹೀಗೆ 40, 50 ಕಿಲೋಮೀಟರ್ ಹೋದರೆ ನಾಳೆಯೂ ಅದೇ ಕುದುರೆ ನಿಮ್ಮನ್ನು ಹೊರುತ್ತೆ.

ಹೊರುವ ವಿಷಯದಲ್ಲಿ ಮಾತ್ರ ಪುಸ್ತಕವನ್ನು ಒಪ್ಪಲಾರೆ. 480 ಪೌಂಡ್ ಅಂದರೆ ಹತ್ತಿರ ಹತ್ತಿರ 218 ಕಿಲೋ. ಸಾಮಾನ್ಯ ಸವಾರಿ ಕುದುರೆಯ ಮೈತೂಕ 450 ಕಿಲೋ ಇರುತ್ತೆ. ಅದರ ಐದನೇ ಒಂದು ಭಾಗದಷ್ಟು ಭಾರವನ್ನು ದಿನವೂ ಹೊರಿಸಬಹುದು ಅಂತ ನಾವು ಲೆಕ್ಕ ಹಾಕುತ್ತೇವೆ. ಅಂದರೆ 90 ಕಿಲೋ, ಜೀನೂ ಅದರೊಳಗೇ. ಈಗ ನಿಮ್ಮ ಉಕ್ಕಿನ ಕವಚದವನನ್ನು ಕೂರಿಸಿ ನೋಡಿ. ಅವನು 70, ಕವಚ 22, ಜೀನು 12, ಕತ್ತಿ ಗುರಾಣಿ ಇನ್ನೊಂದು 6. ಅಲ್ಲಿಗೆ 110 ಆಯ್ತು. ಕುದುರೆಗೂ ಕವಚ ತೊಡಿಸಿದರೆ ಮತ್ತೆ ಇಪ್ಪತ್ತು, ಮೂವತ್ತು ಕಿಲೋ. ಅದನ್ನು ಹೊತ್ತು ಒಂದು ಕಾಳಗ ಮಾಡಬಹುದು, ಒಂದು ವಾರ ದಾರಿ ನಡೆಯಲಾಗದು.

ಹಾಗಾದರೆ ನಿಜವಾದ ರಾವುತರು ಏನು ಮಾಡುತ್ತಿದ್ದರು? ದಾರಿಗೆ ಒಂದು ಕುದುರೆ, ಕಾಳಗಕ್ಕೆ ಇನ್ನೊಂದು. ಮೆತ್ತಗೆ ಸಾಗುವ ಕುದುರೆಯ ಮೇಲೆ ಪ್ರಯಾಣ, ಯುದ್ಧದ ಕುದುರೆ ಬರಿಬೆನ್ನಲ್ಲಿ ಪಕ್ಕದಲ್ಲಿ ಬರುತ್ತಿತ್ತು, ಕವಚ ಹೊರೋಕೆ ಮತ್ತೊಂದು ಪ್ರಾಣಿ. ಮಂಗೋಲರಂತೂ ಒಬ್ಬೊಬ್ಬ ಸವಾರನಿಗೆ ಮೂರು, ನಾಲ್ಕು ಕುದುರೆ ಇಟ್ಟುಕೊಂಡು ಬದಲಾಯಿಸುತ್ತಾ ಹೋಗುತ್ತಿದ್ದರು. ನಿಮ್ಮ ಗೆಳೆಯನಿಗೆ ಒಂದು ಹೇಸರಗತ್ತೆ ಕೊಡಿಸಿ. ಇಡೀ ಗುಂಪಿನಲ್ಲಿ ಎಲ್ಲರಿಗೂ ಅಚ್ಚುಮೆಚ್ಚಿನ ಪಾತ್ರ ಅದೇ ಆದರೂ ಆಗಬಹುದು.

ಈಗ ಬೆನ್ನಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕೆಲವು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಪುಣೆ ಹೊರಗಿನ ಒಂದು ಲಾಯದಿಂದ ಫೋನ್ ಬಂತು. ಕಂದು ಬಣ್ಣದ ಹೆಣ್ಣು ಕುದುರೆ. ಜೀನು ತಂದರೆ ಸಾಕು, ಕಿವಿ ಹಿಂದಕ್ಕೆ ಮಡಚಿ ಕಚ್ಚೋಕೆ ಬರುತ್ತೆ, ತಲೆ ಕೆಟ್ಟಿದೆ, ಮಾರಿಬಿಡೋದಾ ಅಂತ ಕೇಳಿದರು. ನಾನು ಹೋದಾಗ ಆಗಷ್ಟೇ ಯಾರೋ ಸವಾರಿ ಮುಗಿಸಿ ತಂದಿದ್ದರು. ಹುಡುಗನಿಗೆ ಹೇಳಿ ಜೀನು ಇಳಿಸಿದೆ, ಕಂಬಳಿ ಎತ್ತಿದೆ. ಬೆನ್ನೆಲ್ಲ ಬೆವರಿಂದ ತೊಯ್ದು ಹೊಳೆಯುತ್ತಿತ್ತು. ಎಡಗಡೆ, ಕುತ್ತಿಗೆಯೂ ಬೆನ್ನೂ ಸೇರುವ ಉಬ್ಬಿನ ಪಕ್ಕದಲ್ಲಿ, ಒಂದು ನಾಣ್ಯದಷ್ಟು ಜಾಗ ಮಾತ್ರ ಒಣಗಿತ್ತು. ಸುತ್ತ ಎಲ್ಲ ಒದ್ದೆ, ಅಲ್ಲಿ ಮಾತ್ರ ಕೂದಲು ಬಿಸಿಲಲ್ಲಿ ಒಣಗಿಸಿದ ಹಾಗೆ ನಿಂತಿತ್ತು. ಒತ್ತಡ ಜಾಸ್ತಿ ಆದ ಕಡೆ ಬೆವರು ಬರುವುದಿಲ್ಲ. ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಕುದುರೆ ಬೆನ್ನನ್ನು ಕೆಳಕ್ಕೆ ಎಳೆದುಕೊಂಡು ತಲೆ ತಿರುಗಿಸಿ ನನ್ನನ್ನೇ ನೋಡಿತು. ಕಚ್ಚಲಿಲ್ಲ. ಜೀನನ್ನು ಮಗುಚಿ ಎರಡೂ ತುದಿ ಹಿಡಿದು ಮಣಿಸಿದಾಗ ಒಳಗೆ ಕಟಕ್ ಅಂತ ಸದ್ದು. ಮರದ ಚೌಕಟ್ಟು ಸೀಳಿತ್ತು. ಹೊರಗಿನ ತೊಗಲಿಗೆ ಎಣ್ಣೆ ಹಚ್ಚಿ ಫಳಫಳ ಮಾಡಿಟ್ಟಿದ್ದರು, ಒಳಗೆ ಕೈ ಹಾಕಿ ನೋಡಿದವರೇ ಇಲ್ಲ.

ಆ ಕುದುರೆ ಎಷ್ಟು ವಾರದಿಂದ ಹೇಳುತ್ತಾ ಬಂದಿತ್ತೋ. ಹುಚ್ಚು ಅಂತ ಕರೆದಿದ್ದರು. ಇವತ್ತಿಗೂ ನೆನಪಾದರೆ ನನಗೆ ಸಂಕಟ ಆಗುತ್ತೆ.

ಜೀನು ಮಾಡುವ ಕೆಲಸ ಏನು ಅಂತ ನಿಮ್ಮ ಗುಂಪಿಗೆ ತಿಳಿದರೆ ಆಟದ ಅರ್ಧ ನಿಯಮ ಬೇಕಾಗುವುದೇ ಇಲ್ಲ. ಕುದುರೆಯ ಬೆನ್ನುಮೂಳೆ ಭಾರ ಹೊರೋಕೆ ಆಗಿದ್ದಲ್ಲ. ಅದರ ಎರಡೂ ಪಕ್ಕದ ಮಾಂಸಖಂಡ ಹೊರಬೇಕು. ಜೀನಿನೊಳಗೆ ಮರದ ಎರಡು ಹಲಗೆ ಇರುತ್ತವೆ, ಮೂಳೆಯ ಆ ಕಡೆ ಒಂದು, ಈ ಕಡೆ ಒಂದು. ನಡುವೆ ಗಾಳಿ ಆಡುವಷ್ಟು ಸಂದು. ಮುಂದೆ ಹೆಗಲ ಮೂಳೆ ತಪ್ಪಿಸಿ ಕೂರಬೇಕು, ಯಾಕೆಂದರೆ ಪ್ರತಿ ಹೆಜ್ಜೆಗೂ ಆ ಮೂಳೆ ಹಿಂದಕ್ಕೆ ಜಾರುತ್ತೆ. ಹಿಂದೆ ಕೊನೇ ಪಕ್ಕೆಲುಬು ದಾಟಬಾರದು. ಈ ಎರಡರ ನಡುವೆ ಸಿಗುವ ಜಾಗ ನೋಡಿದರೆ ಎಷ್ಟು ಕಡಿಮೆ ಅಂತ ಆಶ್ಚರ್ಯ ಆಗುತ್ತೆ. ಅಷ್ಟರಲ್ಲಿ ನಿಮ್ಮ ರಾವುತ, ಅವನ ಚೀಲ, ಅವನ ಡ್ರ್ಯಾಗನ್ ಮೊಟ್ಟೆ, ಎಲ್ಲ ಕೂರಬೇಕು.

ಒಂದು ಕುದುರೆಗೆ ಸರಿಹೋದ ಜೀನು ಇನ್ನೊಂದಕ್ಕೆ ಸರಿಹೋಗಲ್ಲ, ಚಪ್ಪಲಿ ಇದ್ದ ಹಾಗೆ. ಸತ್ತ ಶತ್ರುವಿನ ಬೆಳ್ಳಿ ಕೆತ್ತಿದ ಜೀನನ್ನು ಎತ್ತಿ ನಮ್ಮ ಕುದುರೆಗೆ ಹಾಕಿಬಿಡೋದು ನಿಮ್ಮ ಆಟದಲ್ಲಿ ಇದ್ದೇ ಇರುತ್ತೆ ಅಲ್ವಾ? ಹಾಕಲಿ. ಎರಡನೇ ದಿನ ಕುದುರೆ ಬಾಲ ಬೀಸೋಕೆ ಶುರು ಮಾಡಲಿ. ಮೂರನೇ ದಿನ ಹತ್ತುವಾಗ ಪಕ್ಕಕ್ಕೆ ಸರಿಯಲಿ. ನಾಲ್ಕನೇ ದಿನ ಕಂಬಳಿ ಎತ್ತಿದರೆ ಬಾವು, ಆಮೇಲೆ ಚರ್ಮ ಕಿತ್ತು ಬಂದಿರುತ್ತೆ. ಅಂಥ ಗಾಯಕ್ಕೆ ಎರಡು ಮೂರು ವಾರ ಜೀನು ಸೋಕಿಸುವ ಹಾಗಿಲ್ಲ. ವಾಸಿಯಾದ ಮೇಲೂ ಎಷ್ಟೋ ಸಲ ಆ ಜಾಗದಲ್ಲಿ ಬಿಳಿ ಕೂದಲು ಹುಟ್ಟುತ್ತೆ. ಸಂತೆಯಲ್ಲಿ ಕುದುರೆ ಕೊಳ್ಳುವ ಪಾತ್ರ ಕಪ್ಪು ಕುದುರೆಯ ಬೆನ್ನ ಮೇಲೆ ಬಿಳಿ ಮಚ್ಚೆ ಕಂಡರೆ ಅದರ ಹಳೇ ಮಾಲೀಕ ಎಂಥವನು ಅಂತ ತಿಳಿದುಕೊಳ್ಳಬಹುದು. ನಾನು ಈಗಲೂ ಹಾಗೇ ತಿಳಿಯೋದು.

ಮಂತ್ರದ ಔಷಧ ಕುಡಿಸಿ ವಾಸಿ ಮಾಡ್ತೀವಿ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಮಾಡಲಿ. ಗಾಯ ಮಾಯುತ್ತೆ, ಜೀನು ಅದೇ. ಮತ್ತೆ ನಾಲ್ಕೇ ದಿನ.

ಹೊಟ್ಟೆಪಟ್ಟಿಯ ಬಗ್ಗೆ ಒಂದು ಮಾತು. ಪಟ್ಟಿ ಬಿಗಿಯುವಾಗ ಕೆಲವು ಕುದುರೆ ಮೈ ಬಿಗಿಹಿಡಿದು ಎದೆ ಉಬ್ಬಿಸುತ್ತವೆ. ಹತ್ತು ಹೆಜ್ಜೆ ನಡೆದ ಮೇಲೆ ಪಟ್ಟಿ ಸಡಿಲ. ಅನುಭವಿಗಳು ಸ್ವಲ್ಪ ನಡೆಸಿ ಮತ್ತೆ ಬಿಗಿಯುತ್ತಾರೆ. ಮರೆತರೆ ಜೀನು ಹೊಟ್ಟೆ ಕೆಳಗೆ ತಿರುಗುತ್ತೆ, ಸವಾರನೂ ಅದರ ಜೊತೆಗೆ. ಸಿಂಹಗಡದಂಥ ಏರು ಹತ್ತುವಾಗ ಜೀನು ಹಿಂದಕ್ಕೆ ಜಾರದಿರೋಕೆ ಎದೆಪಟ್ಟಿ ಬೇಕು, ಇಳಿಯುವಾಗ ಮುಂದಕ್ಕೆ ಬರದಿರೋಕೆ ಬಾಲದ ಪಟ್ಟಿ. ಅಗ್ಗದ ಜೀನಿಗೆ ಇವೆರಡೂ ಇಲ್ಲ ಅಂತ ಇಟ್ಟುಕೊಳ್ಳಿ. ಬೆಲೆ ಯಾಕೆ ಜಾಸ್ತಿ ಅಂತ ಘಟ್ಟದಲ್ಲಿ ಗೊತ್ತಾಗುತ್ತೆ. ಮಳೆಯನ್ನೂ ಮರೆಯಬೇಡಿ. ಒದ್ದೆ ತೊಗಲು ಹಿಗ್ಗುತ್ತೆ, ಬೆಂಕಿ ಹತ್ತಿರ ಇಟ್ಟು ಒಣಗಿಸಿದರೆ ಬಿರುಕು ಬಿಡುತ್ತೆ. ಆಷಾಢದ ಮಳೆಯಲ್ಲಿ ಇಲ್ಲಿನ ಲಾಯಗಳಲ್ಲಿ ಜೀನಿನ ಮೇಲೆ ಹಸಿರು ಬೂಷ್ಟು ಬರೋಕೆ ಎರಡು ದಿನ ಸಾಕು.

ರಿಕಾಪು ಸವಾರನ ಕಾಲಿಗೆ ಆಸರೆ. ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಹೆಬ್ಬೆರಳು ತೂರಿಸುವ ಹಗ್ಗದ ಕುಣಿಕೆ ಇತ್ತು, ಸಾಂಚಿಯ ಕೆತ್ತನೆಗಳಲ್ಲಿ ಅದರ ಗುರುತಿದೆ. ಪೂರ್ತಿ ಪಾದ ಇಡುವ ಜೋಡಿ ರಿಕಾಪು ಚೀನಾದಲ್ಲಿ 4ನೇ ಶತಮಾನದ ಹೊತ್ತಿಗೆ ಕಾಣುತ್ತೆ, ಯುರೋಪಿಗೆ ಆಮೇಲೆ ಹೋಯ್ತು. ನಿಮ್ಮ ಲೋಕದಲ್ಲಿ ರಿಕಾಪು ಗೊತ್ತಿಲ್ಲದ ಕಾಡುಜನ ಇದ್ದರೆ ಅವರೂ ಚೆನ್ನಾಗಿಯೇ ಸವಾರಿ ಮಾಡುತ್ತಾರೆ. ಜೀನಿನಿಂದ ಎದ್ದುನಿಂತು ಪಕ್ಕಕ್ಕೆ ಬಾಗಿ ಕತ್ತಿ ಬೀಸುವಾಗ ಮಾತ್ರ ಅವರಿಗೆ ಆಯ ತಪ್ಪುತ್ತೆ.

ಇನ್ನು ಕಡಿವಾಣ. ಬಾಯಿಗೆ ಕಡಿವಾಣ, ಖರ್ಚಿಗೆ ಕಡಿವಾಣ ಅಂತ ದಿನಾ ಮಾತಾಡುತ್ತೇವೆ, ಅದು ಕೂರುವ ಜಾಗ ನೋಡಿದವರು ಕಡಿಮೆ. ಕುದುರೆಗೆ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಬರೀ ಒಸಡಿರುವ ಖಾಲಿ ಜಾಗ ಇದೆ. ಕಬ್ಬಿಣ ಅಲ್ಲಿ ಕೂರುತ್ತೆ, ನಾಲಿಗೆಯ ಮೇಲೆ. ತೆಳು ಚರ್ಮ, ಕೆಳಗೇ ಮೂಳೆ. ಲಗಾಮು ಜಗ್ಗಿದರೆ ಕುದುರೆ ನಿಲ್ಲೋದು ಕಲಿಸಿದ್ದರಿಂದ. ನೋವು ಮಿತಿ ಮೀರಿದರೆ ತಲೆ ಎತ್ತಿ ಇನ್ನೂ ಜೋರಾಗಿ ಓಡುತ್ತೆ. 'ಬಲವಾದ ಕಡಿವಾಣ ಕೊಂಡರೆ ಹಿಡಿತ ಜಾಸ್ತಿ' ಅಂತ ಆಟದಲ್ಲಿ ನಿಯಮ ಮಾಡಿದ್ದರೆ ತೆಗೆದುಬಿಡಿ.

ಹೊಟ್ಟೆಯ ವಿಷಯಕ್ಕೆ ಬರೋಣ. ಕುದುರೆಗೆ ವಾಂತಿ ಮಾಡೋಕೆ ಆಗಲ್ಲ. ತಿಂದದ್ದು ಕೆಟ್ಟರೆ ಒಳಗೇ ಕೆಡಬೇಕು. ಹಸಿದ ಕುದುರೆ ಕಾಳಿನ ಚೀಲಕ್ಕೆ ಬಾಯಿ ಹಾಕಿ ಹೊಟ್ಟೆತುಂಬ ತಿಂದರೆ ರಾತ್ರಿಯೇ ಹೊಟ್ಟೆನೋವು, ಉರುಳಾಟ. ಎಷ್ಟೋ ಒಳ್ಳೇ ಕುದುರೆ ಹಾಗೇ ನನ್ನ ಕಣ್ಣೆದುರು ಹೋಗಿವೆ. ಅದಕ್ಕೆ ಬೇಕಾಗೋದು ದಿನಕ್ಕೆ ಸುಮಾರು 10 ಕಿಲೋ ಒಣಹುಲ್ಲು ಅಥವಾ ಗಂಟೆಗಟ್ಟಲೆ ಮೇಯುವ ಬಯಲು, 30, 40 ಲೀಟರ್ ನೀರು. ಕೆಲಸ ಜಾಸ್ತಿ ಇದ್ದರೆ ನೆನೆಸಿದ ಹುರುಳಿ. ಐದು ಕುದುರೆಗೆ ಹತ್ತು ದಿನದ ಹುಲ್ಲೇ 500 ಕಿಲೋ ಆಗುತ್ತೆ, ಹೊತ್ತುಕೊಂಡು ಹೋಗೋಕಾಗಲ್ಲ. ಹಾಗಾಗಿ ಕುದುರೆಯ ದಾರಿ ಹುಲ್ಲು, ನೀರು ಇರುವ ದಾರಿ. ಮರಾಠರ ದಂಡು ದಸರಾದ ಸೀಮೋಲ್ಲಂಘನ ಮಾಡಿ ಹೊರಡುತ್ತಿದ್ದದ್ದು ಸುಮ್ನೆ ಅಲ್ಲ. ಮಳೆ ನಿಂತಿರುತ್ತೆ, ಹೊಳೆ ಇಳಿದಿರುತ್ತೆ, ಎಲ್ಲೆಲ್ಲೂ ಮೇವು. ನಿಮ್ಮ ಕಥೆಯಲ್ಲಿ ಬೇಸಿಗೆಯಲ್ಲಿ ದಂಡೆತ್ತಿ ಹೋಗುವ ರಾಜನಿಗೆ ಮಂತ್ರಿ ಮೊದಲು ಕೇಳಬೇಕಾದದ್ದು ಮೇವಿನ ಮಾತು.

ಭಯ ಇನ್ನೊಂದು. ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ, ಸುತ್ತಲಿನ ಬಹುಪಾಲು ಒಟ್ಟಿಗೇ ಕಾಣುತ್ತೆ. ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ ಮಾತ್ರ ಕುರುಡು. ಹಿಂದಿನಿಂದ ಸದ್ದಿಲ್ಲದೆ ಬಂದವನು ಒದೆ ತಿನ್ನುತ್ತಾನೆ. ಒಂದು ಬೆದರಿ ಓಡಿದರೆ ಗುಂಪೇ ಓಡುತ್ತೆ. ಈಟಿಗಳನ್ನು ಒತ್ತೊತ್ತಾಗಿ ಹಿಡಿದು ಅಲುಗಾಡದೆ ನಿಂತವರ ಮೇಲೆ ಕುದುರೆ ನುಗ್ಗುವುದಿಲ್ಲ, ತಿರುಗಿಬಿಡುತ್ತೆ ಅಥವಾ ನಿಂತುಬಿಡುತ್ತೆ. ಎದುರಿನವರು ಹೆದರಿ ಚದುರಿದರೆ ಮಾತ್ರ ಸಂದಿಯಲ್ಲಿ ನುಗ್ಗುತ್ತೆ. ಯುದ್ಧದ ಕುದುರೆಗೆ ಸದ್ದು, ಹೊಗೆ, ರಕ್ತದ ವಾಸನೆಯನ್ನು ತಿಂಗಳುಗಟ್ಟಲೆ ರೂಢಿ ಮಾಡಿಸಬೇಕು. ಡ್ರ್ಯಾಗನ್ ವಾಸನೆ ಅದಕ್ಕೆ ಯಾರು ರೂಢಿ ಮಾಡಿಸಿದ್ದಾರೆ? ಮೊದಲ ಸಲ ನಿಮ್ಮ ಗೆಳೆಯರು ಇಳಿದೇ ಹೋಗಬೇಕಾಗುತ್ತೆ.

ಕುದುರೆ ಸತ್ತರೆ ಮುಂದಿನ ಊರಲ್ಲಿ ಇನ್ನೊಂದು ಕೊಂಡರಾಯ್ತು ಅನ್ನೋ ಧೋರಣೆ ನಿಮ್ಮ ಗುಂಪಿನಲ್ಲಿದ್ದರೆ ಹಂಪಿಯನ್ನು ನೆನಪಿಸಿ. ನಮ್ಮ ಸೀಮೆಯಲ್ಲಿ ಯುದ್ಧಕ್ಕೆ ಬೇಕಾದಷ್ಟು ಒಳ್ಳೇ ಕುದುರೆ ಹುಟ್ಟುತ್ತಿರಲಿಲ್ಲ. ಅರಬಸ್ತಾನ, ಹೊರ್ಮುಜ್ ಕಡೆಯಿಂದ ಹಡಗಿನಲ್ಲಿ ಭಟ್ಕಳ, ಹೊನ್ನಾವರ, ಗೋವಾ ರೇವಿಗೆ ಬರಬೇಕಿತ್ತು. 16ನೇ ಶತಮಾನದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ: ವಿಜಯನಗರದ ರಾಜ ಸಾಳುವ ನರಸಿಂಹ ದಾರಿಯಲ್ಲಿ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದ, ಬಾಲ ತಂದು ತೋರಿಸಿದರೆ ಸಾಕಿತ್ತು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು ಕುದುರೆ ವ್ಯಾಪಾರವನ್ನು ಅಲ್ಲಿಗೇ ಎಳೆದುಕೊಂಡರು. 1547ರಲ್ಲಿ ವಿಜಯನಗರದ ಜೊತೆ ಒಪ್ಪಂದವೇ ಆಯ್ತು, ಗೋವಾಕ್ಕೆ ಬಂದ ಕುದುರೆ ವಿಜಯನಗರಕ್ಕೇ, ವಿಜಯಪುರದ ಆದಿಲಶಾಹಿಗೆ ಇಲ್ಲ ಅಂತ. ನೀವು ವಿಜಯಪುರದವರು, ಈ ಮಾತು ನಿಮಗೆ ಚುರುಕ್ ಅನ್ನಬಹುದು. ಹಜಾರರಾಮ ಗುಡಿಯ ಹೊರಗೋಡೆಯಲ್ಲಿ ಸಾಲುಸಾಲು ಕುದುರೆ ಕೆತ್ತಿದ್ದಾರೆ. ಮುಂದಿನ ಸಲ ಹೋದಾಗ ಜೀನು, ಪಟ್ಟಿ, ಕಡಿವಾಣ ಒಂದೊಂದನ್ನೇ ನಿಂತು ನೋಡಿ. ರೇವು ಯಾರ ಕೈಯಲ್ಲಿದೆಯೋ ಕುದುರೆ ಅವರ ಕೈಯಲ್ಲಿ, ಇದೊಂದರ ಮೇಲೇ ನಿಮ್ಮ ಕಥೆ ಒಂದು ವರ್ಷ ನಡೆಯುತ್ತೆ. ಮರಾಠರ ದಂಡಿನಲ್ಲಿ ಸರ್ಕಾರದ ಕುದುರೆ ಏರಿದವನು ಬಾರಗೀರ, ಸ್ವಂತ ಕುದುರೆ ತಂದವನು ಶಿಲೇದಾರ. ನಿಮ್ಮ ಐವರಲ್ಲಿ ಯಾರು ಯಾವುದು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ, ಕುದುರೆ ಸತ್ತ ದಿನ ಅದರ ಬೆಲೆ ಗೊತ್ತಾಗುತ್ತೆ.

ಈಗ ಆಟದಲ್ಲಿ ಏನು ಮಾಡಬಹುದು? ಪುಸ್ತಕದ ಹಾಗೇ ಬಿಟ್ಟರೆ ಆಟ ಸಲೀಸು. ಆದರೆ ಹೋದ ತಿಂಗಳ ಜಗಳ ಮತ್ತೆ ಬರುತ್ತೆ, ಏಕೆಂದರೆ ಕುದುರೆಗೆ ಏನಾಗುತ್ತೆ ಅಂತ ಹೇಳುವ ನಿಯಮವೇ ಇಲ್ಲದೆ ನೀವು ಒಮ್ಮೆಲೇ ಸಾಯಿಸಿದಿರಿ. ಎಲ್ಲ ತೂಕ, ಮೇವು ಬರೆದಿಡೋದು ಇನ್ನೊಂದು ದಾರಿ. ಮೂರು ವಾರದಲ್ಲಿ ಬೇಸತ್ತು ಎಲ್ಲರೂ ಕುದುರೆ ಮಾರಿ ನಡೆದುಕೊಂಡೇ ಹೋಗ್ತೀವಿ ಅಂತಾರೆ. ಮಗಳ ಗುಂಪಿನಲ್ಲಿ ಹಾಗೇ ಆಗಿತ್ತು.

ನಾನು ಹೇಳುವ ದಾರಿ ನಮ್ಮ ಎಂಡ್ಯೂರೆನ್ಸ್ ಓಟದಿಂದ ಬಂದದ್ದು. ಒಂದೇ ದಿನದಲ್ಲಿ 160 ಕಿಲೋಮೀಟರ್ ಓಡುವ ಸ್ಪರ್ಧೆ ಅದು. ನಡುನಡುವೆ ಕುದುರೆಯನ್ನು ನಿಲ್ಲಿಸಿ ಡಾಕ್ಟರ್ ನೋಡುತ್ತಾರೆ. ಎದೆಬಡಿತ ನಿಮಿಷಕ್ಕೆ 64ಕ್ಕೆ ಇಳಿದಿದೆಯಾ, ಒಸಡು ಒತ್ತಿ ಬಿಟ್ಟರೆ ಕೆಂಪು ವಾಪಸ್ ಬರುತ್ತಾ, ಹೊಟ್ಟೆಯಲ್ಲಿ ಗುಡುಗುಡು ಸದ್ದಿದೆಯಾ, ಬೆನ್ನು ಮುಟ್ಟಿದರೆ ಸಹಿಸುತ್ತಾ, ಕುಂಟುತ್ತಿದೆಯಾ. ಪಾಸಾದರೆ ಮುಂದೆ, ಇಲ್ಲದಿದ್ದರೆ ಅಲ್ಲೇ ಮುಗೀತು. ನೀವೂ ಹಾಗೇ ಮಾಡಿ. ದಿನಕ್ಕೆ ಒಂದೇ ಸಲ, ರಾತ್ರಿ ಬಿಡಾರ ಹೂಡಿದಾಗ, 'ಕುದುರೆಗೆ ಏನು ಮಾಡಿದಿರಿ?' ಅಂತ ಕೇಳಿ. ಜೀನು ಇಳಿಸಿದೆ, ಬೆನ್ನು ಉಜ್ಜಿದೆ, ನೀರು ತೋರಿಸಿದೆ, ಗೊರಸಿನ ಕಲ್ಲು ತೆಗೆದೆ ಅಂದರೆ ಮುಗೀತು, ದಾಳವೂ ಬೇಡ. ಮರೆತವನಿಗೆ ಬೆನ್ನು, ಹೊಟ್ಟೆ, ಗೊರಸು ಮೂರರಲ್ಲಿ ಒಂದರ ಮುಂದೆ ಗೀಟು ಹಾಕಿ. ಒಂದು ಗೀಟಿಗೆ ಬರೀ ಸೂಚನೆ: ಕಿವಿ ಮಡಚಿತು, ಮೇವು ಬಿಟ್ಟಿತು, ಹೆಜ್ಜೆ ತಪ್ಪಿತು. ಎರಡಕ್ಕೆ ದಿನದ ದೂರ ಅರ್ಧ. ಮೂರಕ್ಕೆ ಹತ್ತುವ ಹಾಗಿಲ್ಲ. ಲಾಳ ಆರರಿಂದ ಎಂಟು ವಾರಕ್ಕೊಮ್ಮೆ ಬದಲಾಯಿಸಬೇಕು, ಅದು ಊರಿಗೆ ಬಂದಾಗಿನ ಖರ್ಚು. ಇದರಲ್ಲಿ ಒಂದೇ ಅಪಾಯ ಇದೆ. ಕಥೆ ನಡೆಸುವವನು ಗೀಟನ್ನು ಶಿಕ್ಷೆ ಮಾಡಿಕೊಂಡರೆ ಆಟಗಾರರಿಗೆ ಕುದುರೆ ಮೇಲೇ ಸಿಟ್ಟು ಬರುತ್ತೆ. ಸೂಚನೆ ಕೊಡದೆ ಎರಡನೇ ಗೀಟು ಹಾಕಬೇಡಿ. ಕುದುರೆ ಯಾವತ್ತೂ ಮೊದಲು ಹೇಳುತ್ತೆ.

ರೆಕ್ಕೆಯ ಕುದುರೆಗೆ ನಾನು ಔಷಧ ಕೊಟ್ಟಿಲ್ಲ. ಆದರೂ ಮೈಕಟ್ಟಿನ ಲೆಕ್ಕ ಹೇಳಬಹುದು. ರೆಕ್ಕೆ ಹುಟ್ಟುವುದು ಹೆಗಲ ಹಿಂದೆ ಆದರೆ ಜೀನು ಕೂರುವ ಜಾಗವನ್ನೇ ಅದು ತಿನ್ನುತ್ತೆ. ಹೊಟ್ಟೆಪಟ್ಟಿ ಹಾದುಹೋಗುವ ಎದೆಯ ಮಾಂಸವೇ ರೆಕ್ಕೆ ಬಡಿಯುವ ಮಾಂಸ, ಬಿಗಿದರೆ ಹಾರೋಕಾಗಲ್ಲ. ಹಾಗಾಗಿ ಜೀನು ಚಿಕ್ಕದಾಗಬೇಕು, ರೆಕ್ಕೆಯ ಹಿಂದೆ ಪಕ್ಕೆಲುಬಿನ ಮೇಲೇ ಇರಬೇಕು, ಸೊಂಟದ ಕಡೆ ಜಾರಬಾರದು. ಎದೆಪಟ್ಟಿ, ಬಾಲದ ಪಟ್ಟಿ ಎರಡೂ ಬೇಕೇಬೇಕು. ಸವಾರ ಹಗುರ ಇರಬೇಕು, ಚೀಲ ಇಲ್ಲವೇ ಇಲ್ಲ. ಇಂಥ ಜೀನು ಸಂತೆಯಲ್ಲಿ ಸಿಗಲ್ಲ. ಆ ಕುದುರೆಯ ಬೆನ್ನನ್ನು ಕೈಯಿಂದ ಅಳೆದು ಹೊಲಿಯುವವನನ್ನು ನಿಮ್ಮ ಗೆಳತಿ ಹುಡುಕಿಕೊಂಡು ಹೋಗಬೇಕು.

ಕೊನೆಗೆ ಗುಹೆ ಬಾಗಿಲ ಕುದುರೆ. ಬೆನ್ನ ಮೇಲೆ ಜೀನು, ಬಾಯಲ್ಲಿ ಕಡಿವಾಣ, ನೀರಿಲ್ಲ, ಒಂದೇ ಮರ. ದಂಡಿನ ಕುದುರೆಗಳನ್ನು ಬಿಟ್ಟು ಹೋಗುವಾಗ ಜೀನು ಇಳಿಸಿ, ಮುಂದೆ ತಲೆಗೆ ಅಗಾಡಿ, ಹಿಂದೆ ಕಾಲಿಗೆ ಪಿಛಾಡಿ ಹಗ್ಗ ಕಟ್ಟಿ, ಒಬ್ಬನನ್ನು ಕಾವಲಿಗೆ ಬಿಡುತ್ತಿದ್ದರು. ನಿಮ್ಮ ಗೆಳೆಯ ಅದ್ಯಾವುದನ್ನೂ ಮಾಡಲಿಲ್ಲ. ಆದರೂ ಮೂರು ದಿನ ಅದು ಅಲ್ಲೇ ನಿಂತು ಸತ್ತಿತು ಅನ್ನೋದು ನನಗೆ ಸರಿ ಕಾಣುವುದಿಲ್ಲ. ಬರೀ ಲಗಾಮಿನಿಂದ ಕಟ್ಟಿದ ಕುದುರೆ ಮೊದಲ ರಾತ್ರಿಯೇ ಏನಾದರೂ ಸದ್ದಿಗೆ ಬೆದರಿ ತಲೆ ಜಗ್ಗುತ್ತೆ. ತೊಗಲು ಹರಿಯುತ್ತೆ. ಆಮೇಲೆ ಅದು ಹೋಗುವುದು ಕೊನೇ ಸಲ ಹೊಟ್ಟೆತುಂಬ ಮೇವು ಸಿಕ್ಕ ಕಡೆಗೆ. ಹಾಗಾಗಿ ನನ್ನ ತೀರ್ಪು: ಕುದುರೆ ಬದುಕಿದೆ. ಎರಡು ದಿನದ ದಾರಿಯಲ್ಲಿರುವ ಹಳ್ಳಿಯ ಲಾಯದ ಮುಂದೆ ನಿಂತಿದೆ. ಜೀನು ಹೊಟ್ಟೆ ಕೆಳಗೆ ತಿರುಗಿದೆ, ಬಾಯಿಯ ಅಂಚು ಸೀಳಿದೆ, ಹರಿದ ಲಗಾಮು ನೆಲಕ್ಕೆ ಎಳೆಯುತ್ತಿದೆ. ಲಾಯದ ಹೆಂಗಸು ಆಗಲೇ ಪಟ್ಟಿ ಕತ್ತರಿಸಿ ನೀರು ಕುಡಿಸಿದ್ದಾಳೆ, ಬೆನ್ನಿಗೆ ಅರಿಶಿನ ಹಚ್ಚಿದ್ದಾಳೆ. ನಿಮ್ಮ ಗೆಳೆಯ ನಡೆದುಕೊಂಡು ಅಲ್ಲಿಗೆ ಹೋಗಲಿ. ಮೂರು ವಾರ ಅದರ ಮೇಲೆ ಕೂರುವ ಹಾಗಿಲ್ಲ, ಮೇವಿನ ದುಡ್ಡು ಅವನದ್ದೇ. ಹತ್ತಿರ ಹೋದಾಗ ಕುದುರೆ ಎರಡು ಹೆಜ್ಜೆ ಹಿಂದೆ ಸರಿಯಲಿ.